ಕಿರಣಚಿಕಿತ್ಸೆಯೂ ಕಾಲಾಂತರದ ಗಂತಿಯೂ

ಒಂದು ರೋಗವನ್ನು ಗುಣಪಡಿಸಿದ ಚಿಕಿತ್ಸೆಯೇ ಬಹುಕಾಲದ ಮೇಲೆ ಮತ್ತೊಂದು ರೋಗಕ್ಕೆ ಬೀಜವಾಗುವುದುಂಟೆ? ಕಿರಣಚಿಕಿತ್ಸೆಯ ವಿಷಯದಲ್ಲಿ ಇದು ಬರಿಯ ಮಾತಿನ ಚಮತ್ಕಾರವಲ್ಲ. ಕಿರಣ ಬಿದ್ದ ಎಡೆಯಲ್ಲಿಯೇ ಐದು, ಹತ್ತು, ಇಪ್ಪತ್ತು ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಸಾರ್ಕೋಮ ಎಂಬ ಹೊಸ ಗಂತಿ ತಲೆದೋರುತ್ತದೆ. ಮೂಳೆ, ಮಾಂಸಖಂಡ, ಕೊಬ್ಬು, ರಕ್ತನಾಳ ಮೊದಲಾದ, ದೇಹಕ್ಕೆ ಆಧಾರವಾದ ಭಾಗಗಳಲ್ಲಿ ಹುಟ್ಟುವ ಮಾರಕವಾದ ಗೆಡ್ಡೆಗೆ ಸಾರ್ಕೋಮ ಎಂದು ಹೆಸರು. ಅದಕ್ಕೂ ಕಿರಣಕ್ಕೂ ಇರುವ ಸಂಬಂಧವನ್ನು ವಿದ್ವಾಂಸರು ಹೇಗೆ ಕಂಡುಕೊಂಡರು, ಅದರಿಂದ ನಾವು ತಿಳಿಯತಕ್ಕದ್ದೇನು ಎಂಬುದನ್ನು ಈ ಹೊತ್ತು ಸಂಗ್ರಹವಾಗಿ ವಿಚಾರ ಮಾಡೋಣ.

ರಾಂಟ್‌ಗೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಕೆಲವೇ ವರ್ಷಗಳಲ್ಲಿ ಅವು ಚಿಕಿತ್ಸೆಗೂ ಬಳಕೆಗೆ ಬಂದವು. ಕ್ಷಯ ತಗುಲಿದ ಕೀಲುಗಳಿಗೆ ಹೀಗೆ ಕಿರಣವಿತ್ತ ಮೇಲೆ ಅಲ್ಲಿಯೇ ಸಾರ್ಕೋಮ ಹುಟ್ಟಿದ ಸಂಗತಿಯನ್ನು 1922ರಲ್ಲಿ ಜರ್ಮನಿಯ ಬೆಕ್ ಎಂಬ ವೈದ್ಯರು ಪ್ರಕಟಿಸಿದರು. 1948ರಲ್ಲಿ ನ್ಯೂಯಾರ್ಕಿನ ಕೇಹನ್ ಮತ್ತು ಅವರ ಸಂಗಡಿಗರು ಇಂತಹ ಹನ್ನೊಂದು ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ ಬರೆದರು.

ಆದರೆ ಒಂದರ ಹಿಂದೆ ಒಂದು ಬಂದಿತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಹೇಳಲಾಗದು. ಇದನ್ನು ಬಲ್ಲ ಕೇಹನ್ ಮತ್ತು ಸಂಗಡಿಗರು ನಾಲ್ಕು ನಿಬಂಧನೆಗಳನ್ನು ಇಟ್ಟರು. ಮೂಳೆಯಲ್ಲಿ ಮೊದಲು ಇದ್ದದ್ದು ಮಾರಕ ಗಂತಿಯಲ್ಲವೆಂಬುದಕ್ಕೆ ಆಧಾರವಿರಬೇಕು. ಹೊಸ ಗಂತಿ ಕಿರಣ ಬಿದ್ದ ಕ್ಷೇತ್ರದೊಳಗೇ ಹುಟ್ಟಿರಬೇಕು. ನಡುವೆ ರೋಗಲಕ್ಷಣಗಳಿಲ್ಲದೆ ಐದು ವರ್ಷಗಳಾದರೂ ಕಳೆದಿರಬೇಕು. ಅದು ಸಾರ್ಕೋಮವೇ ಎಂಬುದು ಸೂಕ್ಷ್ಮದರ್ಶಕದಿಂದ ಸಿದ್ಧಪಟ್ಟಿರಬೇಕು. ಮುಂದೆ ಬಂದವರು ಈ ನಿಯಮಗಳನ್ನು ಅಲ್ಲಲ್ಲಿ ಸಡಿಲಿಸಿ ತಿದ್ದಿದರೂ ಬುನಾದಿ ಅದೇ ಉಳಿದಿದೆ. ಈ ನಾಲ್ಕರಲ್ಲಿ ಮೂರಕ್ಕೆ ಸಾಕ್ಷಿ ಸಿಕ್ಕುವುದು ಎಲ್ಲಿ? ಹತ್ತಿಪ್ಪತ್ತು ವರ್ಷಗಳ ಹಿಂದಿನ ಕಾಗದಪತ್ರಗಳಲ್ಲಿ. ಅವು ಕಳೆದುಹೋದರೆ ಪ್ರಯೋಗಶಾಲೆ ಎಷ್ಟು ದೊಡ್ಡದಾದರೂ ನಿರುಪಾಯವಾಗುತ್ತದೆ.

ಇದಕ್ಕೆ ನಿದರ್ಶನವಾಗಿ ಜರ್ಮನಿಯ ಒಂದು ವೃತ್ತಾಂತವನ್ನು ಹೇಳಬಹುದು. ಎರಡನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿಯೂ ಅದರ ತರುವಾಯವೂ ಅಲ್ಲಿ ಮೂಳೆಯ ಕ್ಷಯವುಳ್ಳ ಮಕ್ಕಳಿಗೂ ಬೆನ್ನೆಲುಬಿನ ಬೇನೆಯುಳ್ಳ ದೊಡ್ಡವರಿಗೂ ರೇಡಿಯಂ 224 ಎಂಬ ದ್ರವ್ಯವನ್ನು ಚುಚ್ಚಿಕೊಡುತ್ತಿದ್ದರು. ಅದರ ಶಕ್ತಿ ಮೂರೂವರೆ ದಿನಗಳಲ್ಲಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಕೇಡಿಲ್ಲವೆಂದೇ ಅನೇಕರ ನಂಬಿಕೆ. ಶ್ಪೀಸ್ ಎಂಬ ವೈದ್ಯರು ಹಾಗೆ ನಂಬಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ಸುಮಾರು ಒಂಬೈನೂರು ಮಂದಿಯ ಪಟ್ಟಿಯನ್ನು ಕಾದಿರಿಸಿ, ಅವರ ಯೋಗಕ್ಷೇಮವನ್ನು ದಶಕಗಳ ಪರ್ಯಂತ ವಿಚಾರಿಸಿದರು. ಆ ಗುಂಪಿನಲ್ಲಿ ಸಹಜವಾಗಿ ಒಬ್ಬರಿಗೂ ಬರಲಾರದಂತಹ ಮೂಳೆಯ ಮಾರಕ ಗಂತಿ ಐವತ್ತಕ್ಕೂ ಹೆಚ್ಚು ಮಂದಿಗೆ ಬಂದಿತು. ದ್ರವ್ಯ ಬೇಗ ಅಳಿಯಿತು, ಅದರ ಗುರುತು ಅಳಿಯಲಿಲ್ಲ.

ಆ ಗುರುತು ಎಂತಹದು? ಕಿರಣವು ಜೀವಕೋಶದೊಳಗಿನ ಡಿಎನ್‌ಎ ಎಂಬ ಜೋಡಿ ಎಳೆಯನ್ನು ಕಡಿಯುತ್ತದೆ. ರೋಗದ ಕೋಶ ಸಾಯುವುದೂ ಇದರಿಂದಲೇ. ಪಕ್ಕದಲ್ಲಿರುವ ಒಳ್ಳೆಯ ಕೋಶವು ಕಡಿದ ಎಳೆಯನ್ನು ಮತ್ತೆ ಹೊಸೆಯುತ್ತದೆ. ಹೊಸೆಯುವಾಗ ಒಮ್ಮೊಮ್ಮೆ ತಪ್ಪುತ್ತದೆ. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಕಿರಣದ ತರುವಾಯ ಹುಟ್ಟಿದ ಹನ್ನೆರಡು ಗಂತಿಗಳ ಡಿಎನ್‌ಎಯನ್ನು ಆಮೂಲಾಗ್ರವಾಗಿ ಓದಲಾಯಿತು. ಚಿಕ್ಕ ಚಿಕ್ಕ ತುಣುಕುಗಳು ಲೋಪವಾಗಿರುವುದೂ, ಕೆಲವು ಭಾಗಗಳು ತಲೆಕೆಳಗಾಗಿ ಕೂಡಿಕೊಂಡಿರುವುದೂ ಅಲ್ಲಿ ವಿಶೇಷವಾಗಿ ಕಂಡುಬಂದವು.

ಇಂತಹ ಶೋಧನೆ ಚಿಕಿತ್ಸೆಯ ಕ್ರಮವನ್ನೇ ತಿದ್ದಿದೆ. ಕಣ್ಣಿನ ರೆಟಿನೋಬ್ಲಾಸ್ಟೋಮ ಎಂಬ ಗಂತಿ ಎಳೆಯ ಮಕ್ಕಳಿಗೆ ಬರುತ್ತದೆ. ಅವರಲ್ಲಿ ಕೆಲವರು ಆರ್‌ಬಿ1 ಎಂಬ ವಂಶವಾಹಿಯ ದೋಷವನ್ನು ಹುಟ್ಟಿನಿಂದಲೇ ಹೊತ್ತಿರುತ್ತಾರೆ. ಇಂತಹವರಿಗೆ ಹೊರಗಿನಿಂದ ಕಿರಣ ಹಾಯಿಸಿದರೆ ಸಾರ್ಕೋಮದ ಭಯ ಬಹಳ ಹೆಚ್ಚು. ಆದುದರಿಂದಲೇ ಇಂದು ವೈದ್ಯರು ಅವರಿಗೆ ಸಾಧ್ಯವಾದ ಮಟ್ಟಿಗೂ ಔಷಧಿ, ಲೇಸರ್, ಶೀತಚಿಕಿತ್ಸೆಗಳನ್ನೇ ಆರಿಸಿಕೊಳ್ಳುತ್ತಾರೆ. ಸ್ತನದ ಕ್ಯಾನ್ಸರಿಗೆ ಕಿರಣ ಪಡೆದವರಲ್ಲಿ ಅಪೂರ್ವವಾಗಿ ರಕ್ತನಾಳದ ಸಾರ್ಕೋಮ ಬರುತ್ತದೆ. ಅದು ಮೊದಲಿಗೆ ಚರ್ಮದ ಮೇಲೆ ಪೆಟ್ಟುಬಿದ್ದು ನೀಲಿಗಟ್ಟಿದ ಕಲೆಯಂತೆ ತೋರುವುದರಿಂದ ಅಲಕ್ಷ್ಯಕ್ಕೆ ಗುರಿಯಾಗುವುದುಂಟು. ಈ ಗಂತಿಗಳಲ್ಲಿ ಎಂವೈಸಿ ಎಂಬ ವಂಶವಾಹಿಯ ಪ್ರತಿಗಳು ಮಿತಿಮೀರಿ ಹೆಚ್ಚಿರುವುದು ಸಾಮಾನ್ಯವೆಂಬುದು 2010ರಲ್ಲಿ ಬೆಳಕಿಗೆ ಬಂದಿತು. ನಿರಪಾಯವಾದ ಕಲೆಯಿಂದ ಇದನ್ನು ಬೇರ್ಪಡಿಸಲು ಆ ಗುರುತು ಇಂದು ನೆರವಾಗುತ್ತಿದೆ.

ಹೀಗೆಂದು ಕಿರಣಚಿಕಿತ್ಸೆಗೆ ಹೆದರಿ ಹಿಂಜರಿಯುವುದು ವಿವೇಕವಲ್ಲ. ಕಿರಣ ಪಡೆದವರಲ್ಲಿ ಸಾರ್ಕೋಮಕ್ಕೆ ಗುರಿಯಾಗುವವರು ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಆ ಚಿಕಿತ್ಸೆಯಿಂದ ಬದುಕಿಕೊಂಡವರು ಅಸಂಖ್ಯಾತರು. ಮುಂದೆಂದೋ ಬರಬಹುದಾದ ಅಪಾಯಕ್ಕಾಗಿ ಕಣ್ಣೆದುರಿನ ಮೃತ್ಯುವನ್ನು ಬರಮಾಡಿಕೊಳ್ಳತಕ್ಕದ್ದಲ್ಲ.

ನಾವು ಮಾಡತಕ್ಕದ್ದು ಬೇರೆ. ಯಾವ ವರ್ಷದಲ್ಲಿ, ದೇಹದ ಯಾವ ಭಾಗಕ್ಕೆ, ಎಷ್ಟು ಪ್ರಮಾಣದ ಕಿರಣ ಬಿದ್ದಿತೆಂಬ ಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಮನೆಯ ಆಸ್ತಿಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮಗುವಿಗೆ ಚಿಕಿತ್ಸೆಯಾಗಿದ್ದರೆ, ಅದು ಪ್ರಾಯಕ್ಕೆ ಬಂದಾಗ ಪತ್ರವನ್ನೂ ಅದರ ಅರ್ಥವನ್ನೂ ಅದರ ಕೈಗೆ ಒಪ್ಪಿಸಬೇಕು. ಆ ಭಾಗದಲ್ಲಿ ಹೊಸ ಗಂಟು, ನಿಲ್ಲದ ನೋವು, ಕಾರಣವಿಲ್ಲದ ಕಲೆ ಕಂಡರೆ, ಎಷ್ಟೇ ವರ್ಷಗಳು ಕಳೆದಿದ್ದರೂ, ವೈದ್ಯರಿಗೆ ಹಿಂದಿನ ಚಿಕಿತ್ಸೆಯ ಮಾತನ್ನೇ ಮೊದಲು ತಿಳಿಸಬೇಕು. ಬೇಗ ಕಂಡ ಗಂತಿಯನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿಯಾಗಿ ತೆಗೆಯುವ ಸಂಭವ ಹೆಚ್ಚು; ತಡವಾದರೆ ಆ ಸಂಭವ ಕುಗ್ಗುತ್ತದೆ. ರೋಗ ವಾಸಿಯಾದ ದಿನಕ್ಕೆ ಚಿಕಿತ್ಸೆ ಮುಗಿಯುತ್ತದೆ, ಅದರ ಲೆಕ್ಕ ಮುಗಿಯುವುದಿಲ್ಲ. ಆ ಲೆಕ್ಕವನ್ನು ಇಟ್ಟುಕೊಳ್ಳುವ ಭಾರ ವೈದ್ಯರದು ಎಷ್ಟೋ ನಮ್ಮದೂ ಅಷ್ಟೇ.