ಬಿರುಸು ಮತ್ತು ಬಿಡುವು: ನಡಿಗೆ ಹಾಗೂ ಓಟದ ಸಾಮರ್ಥ್ಯ ವೃದ್ಧಿ

(ಹಿರೇಬೆಂಡಿಗೇರಿಯ ಯುವಜನರು ಹಾಗೂ ಹಿರಿಯ ನಾಗರಿಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಹೊಲ ಉಳುವಾಗ ಅನುಭವಿ ರೈತನು ಎತ್ತುಗಳನ್ನು ಎಡೆಬಿಡದೆ ದುಡಿಸುವುದಿಲ್ಲ. ಸಾಲಿನ ಕೊನೆಯಲ್ಲಿ ಕ್ಷಣಕಾಲ ನಿಲ್ಲಿಸಿ, ಉಸಿರಾಡಲು ಬಿಟ್ಟು, ಬಳಿಕವೇ ಮುಂದಿನ ಸಾಲಿಗೆ ತಿರುಗಿಸುತ್ತಾನೆ. ಮನುಷ್ಯನ ಹೃದಯ, ಶ್ವಾಸಕೋಶಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕೆಲ ಹೊತ್ತು ಬಿರುಸು, ಕೆಲ ಹೊತ್ತು ಬಿಡುವು. ಇದುವೇ ಮಧ್ಯಂತರ ವ್ಯಾಯಾಮ. ಬಿಡುವಿನಲ್ಲಿ ಉಸಿರು ಹತೋಟಿಗೆ ಬರುವುದರಿಂದ, ಒಂದೇ ಉಸಿರಿನಲ್ಲಿ ಸಾಧ್ಯವಾಗದಷ್ಟು ವೇಗದ ಶ್ರಮವನ್ನು ದೇಹವು ಹಲವು ಕಂತುಗಳಲ್ಲಿ ಪೂರೈಸುತ್ತದೆ.

ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿಯೂ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷಗಳಲ್ಲಿಯೂ ಓಡಬೇಕು. 200 ಮೀಟರಿನ ಸುತ್ತಾದರೆ ಪುರುಷರಿಗೆ ಎಂಟು ಸುತ್ತು; ಸುತ್ತಿಗೆ 48.75 ಸೆಕೆಂಡು. ಪ್ರತಿ ಸುತ್ತಿನಲ್ಲಿ ಒಂದೊಂದೇ ಸೆಕೆಂಡು ತಡವಾದರೂ ಕೊನೆಯಲ್ಲಿ 8 ಸೆಕೆಂಡು ಹಿಂದೆ ಬೀಳಬೇಕಾಗುತ್ತದೆ. ಲಿಖಿತ ಪರೀಕ್ಷೆಯಲ್ಲಿ ಗಳಿಸಿದ ಅಂಕಗಳು ಆಗ ನೆರವಿಗೆ ಬಾರವು.

ಅಭ್ಯಾಸಕ್ಕೆ ದುಬಾರಿ ಕ್ರೀಡಾಂಗಣ ಬೇಕಿಲ್ಲ. ಬಯಲಿನ ನಡುವೆ ಗೂಟ ನೆಟ್ಟು, 31.8 ಮೀಟರ್ ಉದ್ದದ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಸುತ್ತಲೂ ಸುಣ್ಣದ ಗೆರೆ ಎಳೆದರೆ 200 ಮೀಟರಿನ ವೃತ್ತ ಸಿದ್ಧವಾಗುತ್ತದೆ. ಹತ್ತು ನಿಮಿಷ ಮೈ ಬೆಚ್ಚಗಾಗಿಸಿ, ಒಂದು ಸುತ್ತು ಓಡಿ, ಎರಡು ನಿಮಿಷ ನಡೆಯಬೇಕು. ಮೊದಲ ವಾರ ಇಂತಹ ನಾಲ್ಕು ಸುತ್ತು ಸಾಕು. ಆರಂಭದಲ್ಲಿ 55 ಸೆಕೆಂಡು ತಗುಲಿದರೂ ಚಿಂತೆಯಿಲ್ಲ. ಕ್ರಮೇಣ ಎಂಟು ಸುತ್ತುಗಳಿಗೆ ಏರಿಸಿ, ವೇಗವನ್ನು 48 ಸೆಕೆಂಡಿಗೆ ತರಬೇಕು. ಬಳಿಕ ಎರಡೆರಡು ಸುತ್ತುಗಳನ್ನು ಒಟ್ಟಿಗೆ ಓಡಬಹುದು. ವಾರಕ್ಕೆ ಎರಡು ದಿನ ಮಾತ್ರ ಈ ಅಭ್ಯಾಸ. ಉಳಿದ ದಿನ ಹಗುರ ಓಟ ಅಥವಾ ವಿಶ್ರಾಂತಿ. ನೇಮಕಾತಿ ಹತ್ತಿರ ಬಂದಾಗ ದಿನವೂ ಪೂರ್ಣ ವೇಗದಲ್ಲಿ ಓಡಿ ಮೊಣಕಾಲಿನ ನೋವು ತಂದುಕೊಳ್ಳುವುದು ಕೈಗೆ ಬಂದ ಅವಕಾಶವನ್ನು ಕಳೆದುಕೊಂಡಂತೆ.

ಹಿರಿಯರಿಗೆ ಓಟವೇ ಬೇಕಿಲ್ಲ. ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ 63 ವರ್ಷದವರು ಐದು ತಿಂಗಳ ಕಾಲ ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ ನಡೆದರು. ದಿನಕ್ಕೆ ಕನಿಷ್ಠ ಐದು ಆವರ್ತನೆ, ವಾರಕ್ಕೆ ನಾಲ್ಕು ದಿನ. ಒಂದೇ ಸಾಧಾರಣ ವೇಗದಲ್ಲಿ ನಡೆದವರಿಗಿಂತ ಇವರ ತೊಡೆಯ ಬಲ ಹೆಚ್ಚಿತು, ರಕ್ತದೊತ್ತಡವೂ ಹೆಚ್ಚು ಇಳಿಯಿತು. ಬಿರುಸು ನಡಿಗೆಯೆಂದರೆ ಒಂದೆರಡು ಮಾತು ಆಡಬಲ್ಲ, ಆದರೆ ಹಾಡಲಾಗದ ವೇಗ.

ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಉಳ್ಳವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಎದೆನೋವು ಅಥವಾ ತಲೆಸುತ್ತು ಕಂಡುಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ತೆರಳಬೇಕು.

ಒಂದು ಗೂಟ, ಒಂದು ಹಗ್ಗ, ಒಂದು ಬುಟ್ಟಿ ಸುಣ್ಣ. ಊರಿಗೆ ತಗಲುವ ವೆಚ್ಚ ಇಷ್ಟೇ. ಮುಂಜಾನೆ ಅದೇ ಗೆರೆಯ ಮೇಲೆ ಮಕ್ಕಳು ಓಡಲಿ, ಹಿರಿಯರು ನಡೆಯಲಿ.