ಜಾಗ ಕೊಳ್ಳುವ ಮುನ್ನ: ಬೆಲೆಗಿಂತ ಮೊದಲು ಹಕ್ಕು ವಿಚಾರಿಸಿ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಪ್ರಿಯ ಸಹೋದರರೇ,

ಅಲ್ಲಾಹನನ್ನು ಭಯಪಟ್ಟು ಬದುಕಿರಿ. ಈ ಉಪದೇಶ ಮೊದಲು ನನಗೆ, ಆಮೇಲೆ ನಿಮಗೆ.

ಇತ್ತೀಚೆಗೆ ಇಶಾ ನಮಾಝ್ ಮುಗಿದ ಮೇಲೆ ಯುವಕರು ನನ್ನ ಕೋಣೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಉಸ್ತಾದ್, ಸ್ವಲ್ಪ ಹಣ ಕೂಡಿದೆ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ. ಜಾಗಕ್ಕೆ ಹಾಕೋಣ ಅಂತ ಇದ್ದೇನೆ. ಹಲಾಲ್ ತಾನೇ?"

ಹೌದು, ಹಲಾಲ್. ಅಲ್ಲಾಹನು ವ್ಯಾಪಾರವನ್ನು ಅನುಮತಿಸಿದ್ದಾನೆ, ಬಡ್ಡಿಯನ್ನು ನಿಷೇಧಿಸಿದ್ದಾನೆ (2:275). ಜಾಗ ಕೊಳ್ಳುವುದು, ಬಾಡಿಗೆಗೆ ಕೊಡುವುದು, ಬೆಲೆ ಬಂದಾಗ ಮಾರಿ ಲಾಭ ಪಡೆಯುವುದು, ಇದರಲ್ಲಿ ತಪ್ಪಿಲ್ಲ. ಉಸ್ಮಾನ್(ರ) ಮದೀನದ ರೂಮಾ ಬಾವಿಯನ್ನು ಹಣ ಕೊಟ್ಟು ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ಉಮರ್(ರ) ಖೈಬರ್‌ನಲ್ಲಿ ತಮಗೆ ಸಿಕ್ಕಿದ ಉತ್ತಮ ಜಮೀನನ್ನು ವಕ್ಫ್ ಮಾಡಿದರು. ಆಸ್ತಿ ಇರುವುದು ಈಮಾನಿಗೆ ವಿರುದ್ಧವಲ್ಲ.

ಆದರೆ "ಹಲಾಲ್" ಎಂಬ ಮಾತು ಕೇಳಿ ಎದ್ದು ಹೊರಡುವವರನ್ನು ಕುಳ್ಳಿರಿಸಿ ನಾನೊಂದು ಪ್ರಶ್ನೆ ಕೇಳುತ್ತೇನೆ: "ಆ ಜಾಗ ಯಾರದ್ದು?" ಸೆಂಟ್ಸಿಗೆ ಎಷ್ಟು ಎಂದು ಅವರಿಗೆ ಗೊತ್ತಿರುತ್ತದೆ. ಹೆದ್ದಾರಿಯಿಂದ ಎಷ್ಟು ದೂರ, ಎರಡು ವರ್ಷದಲ್ಲಿ ಎಷ್ಟಾಗಬಹುದು ಎಂಬುದೂ ಗೊತ್ತಿರುತ್ತದೆ. ಯಾರದ್ದು ಎಂದು ಮಾತ್ರ "ಬ್ರೋಕರಿಗೆ ಗೊತ್ತು" ಎನ್ನುತ್ತಾರೆ.

ನಾನು ಮಾಡಿದ ತಪ್ಪು

ಈ ಪ್ರಶ್ನೆ ಕೇಳಲು ನಾನು ಕಲಿತದ್ದು ಮದ್ರಸದಲ್ಲಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಮಸೀದಿಯಲ್ಲಿದ್ದಾಗ ಒಂದು ಲೇಔಟ್ ಆರಂಭಕ್ಕೆ ದುಆ ಮಾಡಲು ನನ್ನನ್ನು ಕರೆದರು. ಹೋದೆ, ದುಆ ಮಾಡಿದೆ. ಫೋಟೋ ತೆಗೆದರು. ಆ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ಓಡಾಡಿತು.

ನಮ್ಮ ಜಮಾಅತಿನ ಟೈಲರ್ ಒಬ್ಬರು ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅಲ್ಲಿ ಐದು ಸೆಂಟ್ಸಿಗೆ ಕೊಟ್ಟರು. ಅವರು ಬೇರೇನೂ ವಿಚಾರಿಸಲಿಲ್ಲ. "ಉಸ್ತಾದರೇ ಬಂದು ದುಆ ಮಾಡಿದ್ದಾರಲ್ಲ" ಎಂದರಂತೆ. ಆಮೇಲೆ ತಿಳಿದದ್ದು, ಆ ಜಾಗ ಭೂಪರಿವರ್ತನೆ ಆಗಿರಲಿಲ್ಲ. ಅದರ ಒಂದು ಭಾಗ ಕುಮ್ಕಿ. ಅವರ ಕೈಯಲ್ಲಿದ್ದದ್ದು ಕ್ರಯಪತ್ರವಲ್ಲ, ಛಾಪಾ ಕಾಗದದ ಒಂದು ಕರಾರು ಮತ್ತು ಎರಡು ರಶೀದಿ. ಕೊಟ್ಟ ಹಣದಲ್ಲಿ ಸ್ವಲ್ಪ ಮಾತ್ರ ವಾಪಸು ಬಂತು. ಮದುವೆ ಸಾಲ ಮಾಡಿ ನಡೆಯಿತು.

ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮುಂದಿನ ಜುಮಾಕ್ಕೆ ಬಂದು ಎಂದಿನಂತೆ ಸಲಾಮ್ ಹೇಳಿ ಕೈ ಕುಲುಕಿದರು. ಆ ಕೈಯ ಭಾರ ನನ್ನಿಂದ ಇಂದಿಗೂ ಇಳಿದಿಲ್ಲ. ನಾನು ಅವರಲ್ಲಿ ಕ್ಷಮೆ ಕೇಳಿದ್ದೇನೆ. ಅಂದಿನಿಂದ ಮಾರಾಟದ ಯಾವ ಜಾಗದಲ್ಲೂ ದುಆಕ್ಕೆ ನಿಲ್ಲುವುದಿಲ್ಲ. ಮಿಂಬರ್ ಜಾಹೀರಾತಿನ ಜಾಗವಲ್ಲ. ದುಆ ಕಾಗದಪತ್ರದ ಬದಲಿಗೆ ಬರುವುದಿಲ್ಲ.

ಒಂದು ಗೇಣು ಭೂಮಿ

ಅನ್ಯಾಯವಾಗಿ ಒಂದು ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಅಂತ್ಯದಿನ ಏಳು ಭೂಮಿಗಳಷ್ಟು ಆಳದ ಹೊರೆ ಬೀಳುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಸಈದ್ ಬಿನ್ ಝೈದ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ನಾವು ಇದನ್ನು ಬೇಲಿ ಸರಿಸುವವನಿಗೆ ಮಾತ್ರ ಹೇಳುತ್ತೇವೆ. ಇನ್ನೊಬ್ಬರ ಹಕ್ಕಿರುವ ಜಾಗವೆಂದು ತಿಳಿದೂ, "ಕಡಿಮೆಗೆ ಸಿಗುತ್ತದಲ್ಲ" ಎಂದು ಕೊಳ್ಳುವವನಿಗೂ ಅದು ಅನ್ವಯಿಸುತ್ತದೆ.

ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದೆಂದು ನಿಮಗೆ ಗೊತ್ತು: ಸೂರಃ ಅಲ್‌ಬಕರದ 282ನೇ ವಚನ. ಅವಧಿಯ ಮೇಲಿನ ಸಾಲದ ವ್ಯವಹಾರ ಮಾಡುವಾಗ ಬರೆದಿಡಿ, ಸಾಕ್ಷಿಗಳನ್ನಿಡಿ, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಎಂಬುದು ಅದರ ತಾತ್ಪರ್ಯ. ಸಾಲಕ್ಕೇ ಇಷ್ಟು ಎಚ್ಚರವೆಂದರೆ ಭೂಮಿಗೆ ಎಷ್ಟು ಬೇಕು? ಹಾಗಾಗಿ "ನಮ್ಮವರೇ ಉಸ್ತಾದ್, ಕಾಗದ ಕೇಳಿದರೆ ಬೇಸರವಾದೀತು" ಎನ್ನಬೇಡಿ. ಕಾಗದ ಕೇಳುವುದು ಅಪನಂಬಿಕೆಯಲ್ಲ.

ಏನೇನು ನೋಡಬೇಕು

ನಮ್ಮ ಜಿಲ್ಲೆಯಲ್ಲಿ ಮೊದಲ ಬಾರಿ ಜಾಗ ಕೊಳ್ಳುವವರು ಇವಿಷ್ಟನ್ನು ನೆನಪಿಡಿ.

ಒಂದು, ಪಹಣಿ. ಸರ್ವೆ ನಂಬ್ರ ಇದ್ದರೆ 'ಭೂಮಿ' ಜಾಲತಾಣದಲ್ಲಿ ನೀವೇ ನೋಡಬಹುದು. 9ನೇ ಕಾಲಂನಲ್ಲಿ ಮಾಲಕರ ಹೆಸರು, 11ರಲ್ಲಿ ಸಾಲ ಮತ್ತಿತರ ಋಣ. ಆದರೆ ಪಹಣಿಯೊಂದೇ ಸಾಲದು. ಮಾರುವವರಿಗೆ ಅದು ಹೇಗೆ ಬಂತು, ಅವರಿಗೆ ಕೊಟ್ಟವರಿಗೆ ಹೇಗೆ ಬಂತು ಎಂಬ ಮೂಲಪತ್ರಗಳು ಬೇಕು. ಉಪ ನೋಂದಣಾಧಿಕಾರಿ ಕಚೇರಿಯಿಂದ ಹಿಂದಿನ 30 ವರ್ಷಗಳ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ.

ಎರಡು, ಜಾಗದ ಸ್ವಭಾವ. ಕೃಷಿ ಜಮೀನಿನಲ್ಲಿ ಮನೆ ನಿವೇಶನ ಮಾಡಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಿರಬೇಕು. ಗ್ರಾಮ ಪಂಚಾಯತ್ ವ್ಯಾಪ್ತಿಯ ನಿವೇಶನಕ್ಕೆ 9/11 ಬೇಕು. ಕುಮ್ಕಿ ಸರಕಾರಿ ಜಾಗ. ವರ್ಗದಾರನಿಗೆ ಅಲ್ಲಿ ಸೊಪ್ಪು, ಸೌದೆಯಂಥ ಸವಲತ್ತು ಇದೆಯೇ ಹೊರತು ಮಾಲಕತ್ವ ಇಲ್ಲ. "ಐದು ಸೆಂಟ್ಸ್ ಪಟ್ಟಾ, ಜೊತೆಗೆ ಮೂರು ಸೆಂಟ್ಸ್ ಕುಮ್ಕಿ" ಎಂದು ಎಂಟಕ್ಕೂ ಹಣ ಕೇಳಿದರೆ, ಮೂರಕ್ಕೆ ಆತ ತನ್ನದಲ್ಲದ್ದನ್ನು ಮಾರುತ್ತಿದ್ದಾನೆ. ಸರಕಾರ ಮಂಜೂರು ಮಾಡಿದ ಜಾಗವಾದರೆ ಪರಭಾರೆಗೆ ನಿರ್ಬಂಧ ಇದೆಯೇ ನೋಡಿ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಕೊಳ್ಳಲು 1978ರ ಕಾಯ್ದೆ ಬಿಡುವುದಿಲ್ಲ. ಬಡವನಿಗೆ ಸಿಕ್ಕ ತುಂಡು ಭೂಮಿ ಅವನ ಕೈತಪ್ಪದಿರಲಿ ಎಂಬುದು ಅದರ ಉದ್ದೇಶ. ಅದನ್ನು ಅಡ್ಡದಾರಿಯಲ್ಲಿ ಪಡೆಯುವುದು ಕಾನೂನಿನಲ್ಲೂ ತಪ್ಪು, ದೀನಿನಲ್ಲೂ ತಪ್ಪು. ವಕ್ಫ್ ಜಾಗವಂತೂ ಮಾರಾಟಕ್ಕಿಲ್ಲ.

ಮೂರು, ಕ್ರಯಪತ್ರ. ಕರಾರು, ರಶೀದಿ, ಜಿ.ಪಿ.ಎ. ಇವುಗಳಿಂದ ಜಾಗ ನಿಮ್ಮದಾಗುವುದಿಲ್ಲ. ಜಿ.ಪಿ.ಎ. ಮೂಲಕ ನಡೆಯುವ 'ಮಾರಾಟ' ಮಾಲಕತ್ವ ಕೊಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರ ಬೇಕು.

ನಾಲ್ಕು, ಲೇಔಟ್. 500 ಚದರ ಮೀಟರಿಗಿಂತ, ಅಂದರೆ ಸುಮಾರು 12 ಸೆಂಟ್ಸಿಗಿಂತ ಹೆಚ್ಚು ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ನಿವೇಶನ ಮಾಡಿ ಮಾರುವವರು 2016ರ ರೇರಾ ಕಾಯ್ದೆಯಂತೆ ನೋಂದಾಯಿಸಿರಬೇಕು. ನೋಂದಾಯಿತ ಕರಾರು ಮಾಡದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ಅವರಿಗೆ ಅಧಿಕಾರವಿಲ್ಲ.

ಇಷ್ಟನ್ನೂ ವಕೀಲರಿಗೆ ತೋರಿಸಿ. ಅದೂ ಮಾರುವವರು ಹೇಳಿದ ವಕೀಲರಿಗಲ್ಲ, ನೀವು ಆರಿಸಿದವರಿಗೆ. ಲಕ್ಷಗಟ್ಟಲೆ ಕೊಡುವವರು ಆ ಫೀಸಿಗೆ ಹಿಂದೆಮುಂದೆ ನೋಡಬೇಡಿ.

ಸಹಿ ಹಾಕದ ತಂಗಿ

ಈಗ ಹೇಳುವುದು ಯಾವ ಇ.ಸಿ.ಯಲ್ಲೂ ಕಾಣಿಸುವುದಿಲ್ಲ. ತಂದೆ ತೀರಿಹೋಗಿರುತ್ತಾರೆ. ಮೂವರು ಗಂಡುಮಕ್ಕಳು ಸೇರಿ ಜಾಗ ಮಾರುತ್ತಾರೆ. ಇಬ್ಬರು ಹೆಣ್ಣುಮಕ್ಕಳನ್ನು ಯಾರೂ ಕೇಳುವುದಿಲ್ಲ. "ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎನ್ನುತ್ತಾರೆ. ಹೆತ್ತವರು ಬಿಟ್ಟುಹೋದದ್ದು ಕಡಿಮೆಯಿರಲಿ, ಹೆಚ್ಚಿರಲಿ, ಅದರಲ್ಲಿ ಹೆಣ್ಣಿಗೂ ನಿಶ್ಚಿತ ಪಾಲಿದೆಯೆಂದು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ಹೇಳಿದ್ದಾನೆ (4:7). ಮದುವೆಯ ಖರ್ಚು ಆ ಪಾಲನ್ನು ಅಳಿಸುವುದಿಲ್ಲ.

ಕೊಳ್ಳುವವರೇ, ವಂಶವೃಕ್ಷ ಕೇಳಿ. ಅದರಲ್ಲಿರುವ ಪ್ರತಿಯೊಬ್ಬ ಹೆಣ್ಣುಮಗಳ ಸಹಿ ಕ್ರಯಪತ್ರದಲ್ಲೋ ನೋಂದಾಯಿತ ಹಕ್ಕು ಬಿಡುಗಡೆ ಪತ್ರದಲ್ಲೋ ಇದೆಯೇ ನೋಡಿ. "ತಂಗಿ ಒಪ್ಪಿದ್ದಾಳೆ" ಎಂದರೆ, ನಿಮ್ಮ ಮನೆಯ ಹೆಂಗಸರನ್ನು ಕರೆದುಕೊಂಡು ಆಕೆಯ ಮನೆಗೆ ಹೋಗಿ ಕೇಳಿ. ಪಾಲು ಕೈಗೆ ಬಂತೇ, ಅಥವಾ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಲ್ಲಿ ಸಹಿ ಹಾಕಿದಳೇ? ನಾಳೆ ಆಕೆ ಕೋರ್ಟಿಗೆ ಹೋದರೆ ನಿಮಗೆ ನಷ್ಟ. ಹೋಗದಿದ್ದರೆ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಆ ಲೆಕ್ಕ ಅಲ್ಲಾಹನ ಬಳಿಗೆ ಹೋಗುತ್ತದೆ.

ಗಲ್ಫಿನಲ್ಲಿರುವವರಿಗೆ

ಎನ್‌ಆರ್‌ಐಗಳು ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಫೆಮಾ ಕಾನೂನು ಬಿಡುವುದಿಲ್ಲ. ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು. ಇದಕ್ಕಾಗಿ ಕೆಲವರು ಊರಲ್ಲಿರುವ ಅಣ್ಣನ ಹೆಸರಿನಲ್ಲಿ ಕೊಳ್ಳುತ್ತಾರೆ. ಬೇನಾಮಿ ಕಾನೂನಿನ ತೊಡಕು ಒಂದು ಕಡೆ. ಇನ್ನೊಂದು ಕಡೆ, ನಾಳೆ ಅಣ್ಣ ತೀರಿಕೊಂಡರೆ ದಾಖಲೆಯ ಪ್ರಕಾರ ಅದು ಅವರ ಹೆಂಡತಿ ಮಕ್ಕಳದ್ದು. ಇಪ್ಪತ್ತು ವರ್ಷ ಬಿಸಿಲಲ್ಲಿ ದುಡಿದವನು ಅತ್ತಿಗೆಯೆದುರು ನಿಂತು ಕೇಳಬೇಕಾಗುತ್ತದೆ. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ನಿಂತದ್ದು ಹೀಗೆಯೇ.

ಬರಕತ್ ಹೋಗುವ ದಾರಿಗಳು

ಮಾರುವವನೂ ಕೊಳ್ಳುವವನೂ ನಿಜ ಹೇಳಿ ಕೊರತೆಯನ್ನು ತಿಳಿಸಿದರೆ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗವನ್ನು ಬೇಸಗೆಯಲ್ಲಿ ತೋರಿಸಿ ಮಾರುವುದು ಮುಚ್ಚಿಡುವುದೇ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲು ಸುಳ್ಳು ಗಿರಾಕಿಯಾಗುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಹಕೀಮ್ ಬಿನ್ ಹಿಝಾಮ್(ರ)ರಿಗೆ, ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂದಿದ್ದಾರೆ. ಬರೀ ಮುಂಗಡ ಕೊಟ್ಟು ಕರಾರು ಮಾಡಿ, ಜಾಗ ತನ್ನದಾಗುವ ಮೊದಲೇ ಮೂರನೆಯವನಿಗೆ ಮಾರುವವರು ಈ ಹದೀಸಿನ ಎದುರು ಕುಳಿತು ಯೋಚಿಸಲಿ.

ಕಾಗದಕ್ಕೊಂದು ಬೆಲೆ, ಕೈಗೊಂದು ಬೆಲೆ ಎಂಬುದೂ ಸುಳ್ಳೇ. ಆಸ್ತಿ ಮಾರಾಟದಲ್ಲಿ 20,000 ರೂ. ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವಂತಿಲ್ಲ. ಬ್ಯಾಂಕಿನ ಮೂಲಕ ಕೊಡಿ. ಅದೇ ನಿಮ್ಮ ಸಾಕ್ಷಿ.

"ಲಕ್ಷ ಹಾಕಿ, ಜಾಗದ ವ್ಯಾಪಾರ ನಾವು ಮಾಡುತ್ತೇವೆ, ತಿಂಗಳಿಗೆ ಇಷ್ಟು ಖಚಿತ" ಎನ್ನುವವರಿಂದ ದೂರವಿರಿ. ಪಾಲುದಾರಿಕೆಯಲ್ಲಿ ಲಾಭವೂ ಹಂಚಿಕೆ, ನಷ್ಟವೂ ಹಂಚಿಕೆ. ನಷ್ಟವಿಲ್ಲದ ನಿಗದಿತ ಆದಾಯಕ್ಕೆ ಯಾವ ಹೆಸರಿಟ್ಟರೂ ಅದು ಬಡ್ಡಿಯೇ. ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ ಸಂಸ್ಥೆ 2019ರಲ್ಲಿ ಬೆಂಗಳೂರಿನಲ್ಲಿ ಕುಸಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು.

ಹೊಸಬರಿಗೆ ಇನ್ನೊಂದು ಮಾತು. ಐದಾರು ವರ್ಷ ಮುಟ್ಟದೆ ಇರಬಹುದಾದ ಹಣವನ್ನು ಮಾತ್ರ ಜಾಗಕ್ಕೆ ಹಾಕಿ. ಆಸ್ಪತ್ರೆಗೆ ಹಣ ಬೇಕಾದ ದಿನ ಜಾಗಕ್ಕೆ ಗಿರಾಕಿ ಸಿಗುವುದಿಲ್ಲ. ಹೆಂಡತಿಯ ಮಹ್ರ್, ಆಕೆಯ ಚಿನ್ನ ಆಕೆಯ ಸೊತ್ತು, ನಿಮ್ಮ ಬಂಡವಾಳವಲ್ಲ.

ಝಕಾತ್ ಮರೆಯಬೇಡಿ. ವಾಸದ ಮನೆಗೆ, ಮನೆ ಕಟ್ಟಲೆಂದು ಕೊಂಡ ಜಾಗಕ್ಕೆ ಝಕಾತ್ ಇಲ್ಲ. ಬಾಡಿಗೆಯ ಕಟ್ಟಡವಾದರೆ ಉಳಿದ ಬಾಡಿಗೆ ಹಣದ ಮೇಲೆ. ಮಾರಿ ಲಾಭ ಮಾಡಲೆಂದೇ ಕೊಂಡ ಜಾಗ ವ್ಯಾಪಾರದ ಸರಕು. ಬಹುಪಾಲು ವಿದ್ವಾಂಸರ ಪ್ರಕಾರ ಪ್ರತಿ ವರ್ಷ ಅಂದಿನ ಮಾರುಕಟ್ಟೆ ಬೆಲೆಯ ಶೇ. 2.5 ಕೊಡಬೇಕು.

ಚಿನ್ನದ ಮಡಕೆ

ಅಬೂಹುರೈರಾ(ರ) ವರದಿ ಮಾಡಿದ ಹದೀಸೊಂದರಲ್ಲಿ ಹಿಂದಿನ ಕಾಲದ ಒಬ್ಬನ ವಿಷಯ ಬರುತ್ತದೆ. ಅವನು ಕೊಂಡ ಜಾಗದಲ್ಲಿ ಚಿನ್ನ ತುಂಬಿದ ಮಡಕೆ ಸಿಕ್ಕಿತು. ನಾನು ಕೊಂಡದ್ದು ಭೂಮಿ, ಚಿನ್ನವಲ್ಲ ಎಂದು ಅದನ್ನು ಮಾರಿದವನಿಗೆ ಕೊಡಲು ಹೋದ. ಭೂಮಿಯನ್ನು ಅದರಲ್ಲಿರುವುದರ ಸಮೇತ ಮಾರಿದ್ದೇನೆಂದು ಅವನು ತೆಗೆದುಕೊಳ್ಳಲಿಲ್ಲ. ಕೊನೆಗೆ ತೀರ್ಪು ಹೇಳಿದವರು ಒಬ್ಬನ ಮಗನಿಗೂ ಇನ್ನೊಬ್ಬನ ಮಗಳಿಗೂ ಮದುವೆ ಮಾಡಿಸಿ, ಆ ಚಿನ್ನವನ್ನು ಅವರಿಗಾಗಿ ಖರ್ಚು ಮಾಡಿ, ದಾನವನ್ನೂ ಮಾಡಿ ಎಂದರು. ನಮ್ಮ ಜಗಳ 'ನನ್ನದು' ಎಂಬುದಕ್ಕೆ. ಅವರ ಜಗಳ 'ನನ್ನದಲ್ಲ' ಎಂಬುದಕ್ಕೆ.

ಸಹೋದರರೇ, ಮುಂಗಡ ಕೊಡುವ ಮೊದಲು ಕಾಗದ ಹಿಡಿದು ಬನ್ನಿ. ನನಗೆ ತಿಳಿದಷ್ಟು ಹೇಳುತ್ತೇನೆ, ತಿಳಿಯದ್ದಕ್ಕೆ ವಕೀಲರ ಬಳಿಗೆ ಕಳಿಸುತ್ತೇನೆ. ದುಆ ಕ್ರಯಪತ್ರ ಆದ ಮೇಲೆ ಮಾಡೋಣ.

ಓ ಅಲ್ಲಾಹ್, ನಮ್ಮ ಸಂಪಾದನೆಯನ್ನು ಹಲಾಲ್ ಮಾಡು. ಇನ್ನೊಬ್ಬರ ಹಕ್ಕಿನ ಒಂದು ಗೇಣು ಮಣ್ಣೂ ನಮ್ಮ ಕೊರಳಿಗೆ ಬೀಳದಂತೆ ಕಾಪಾಡು. ನಮ್ಮ ಮಾತು ನಂಬಿ ನಷ್ಟ ಹೊಂದಿದವರಿಗೆ ಅದಕ್ಕಿಂತ ಉತ್ತಮವಾದುದನ್ನು ಕೊಡು, ನಮ್ಮನ್ನು ಕ್ಷಮಿಸು. ಆಮೀನ್.