ತಟ್ಟೆ ತಿರುಗಿಸಿ ನೋಡಿ: ಹಳೇ ಬ್ರಿಟಿಷ್ ಪಿಂಗಾಣಿಯ ವಯಸ್ಸು ಕಂಡುಹಿಡಿಯೋದು ಹೇಗೆ?

ಹಿಂಜೆವಾಡಿ, ವಾಕಡ್, ಖರಾಡಿಯಿಂದ ಶನಿವಾರದ ಟ್ರಾಫಿಕ್ ದಾಟ್ಕೊಂಡು ಲೋಣಾವಳಾವರೆಗೂ ಬಂದಿದೀರಿ. ಚಿಕ್ಕಿ ಆಮೇಲೆ ಕೊಳ್ಳೋಣ, ಮೊದಲು ಹಳೇ ಪಿಂಗಾಣಿ ಬಗ್ಗೆ ಒಂದಿಷ್ಟು ಮಾತಾಡೋಣ.

ಇಲ್ಲಿ ಬ್ರಿಟಿಷ್ ಪಿಂಗಾಣಿ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. 1863ರಲ್ಲಿ ಭೋರ್ ಘಾಟಿನ ರೈಲು ಮಾರ್ಗ ಶುರುವಾಯ್ತು. ಮುಂಬೈಯ ಸೆಕೆ ತಪ್ಪಿಸಿಕೊಳ್ಳೋಕೆ ಬ್ರಿಟಿಷರು, ಪಾರ್ಸಿ ಕುಟುಂಬಗಳು ಖಂಡಾಲಾ, ಲೋಣಾವಳಾದಲ್ಲಿ ಬಂಗಲೆ ಕಟ್ಟಿಸಿದ್ರು. ಬಂಗಲೆ ಅಂದ್ಮೇಲೆ ಊಟದ ಸೆಟ್ಟು, ಚಹಾದ ಸೆಟ್ಟು ಇರಲೇಬೇಕಲ್ಲ. ಈಗ ಅಂಥ ಮನೆ ಕೈ ಬದಲಾದಾಗ ಅಡುಗೆಮನೆ ಖಾಲಿಯಾಗತ್ತೆ. ಸಾಮಾನು ಭಂಗಾರದ ಅಂಗಡಿಗೆ, ಪುಣೆಯ ಜೂನಾ ಬಜಾರಿಗೆ, ಮುಂಬೈಯ ಚೋರ್ ಬಜಾರಿಗೆ ಹೋಗತ್ತೆ.

ಈ ತಟ್ಟೆ ನನಗೆ ಸಿಕ್ಕಿದ್ದು ಇದೇ ಊರಿನ ಒಂದು ಭಂಗಾರದ ಅಂಗಡಿಯಲ್ಲಿ. ಅಂಚಿನಲ್ಲಿ ನೀಲಿ ಹೂ. "ಸಾಹೇಬ್, ದೋನಶೇ ವರ್ಷ ಜುನಾ," ಎರಡು ನೂರು ವರ್ಷ ಹಳೇದು ಅಂದ ಅಂಗಡಿಯವನು. ಕೇಳಿದ್ದು 1,800 ರೂಪಾಯಿ. ನಾನು ತಟ್ಟೆ ತಿರುಗಿಸಿದೆ. ಚಿತ್ರ ನೋಡಿ ವಯಸ್ಸು ಹೇಳೋಕಾಗಲ್ಲ. ಸೇತುವೆ, ಎರಡು ಹಕ್ಕಿ, ಬಾಗಿದ ಮರ ಇರೋ ನೀಲಿ 'ವಿಲೋ' ಚಿತ್ರ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1790ರ ಆಸುಪಾಸು, ಇವತ್ತಿಗೂ ತಯಾರಾಗ್ತಿದೆ. ಸ್ಪೋಡ್ ಕಂಪನಿಯ 'ಬ್ಲೂ ಇಟಾಲಿಯನ್' ಬಂದಿದ್ದು 1816ರಲ್ಲಿ, ಅದೂ ಇನ್ನೂ ನಿಂತಿಲ್ಲ. ಹಿಂದೆ ಯಾವುದಾದರೂ ಹಳೇ ಇಸವಿ ಅಚ್ಚಾಗಿದ್ರೆ ಅದು ಹೆಚ್ಚಾಗಿ ಕಂಪನಿ ಶುರುವಾದ ವರ್ಷ, ಇಲ್ಲಾ ವಿನ್ಯಾಸದ ವರ್ಷ.

ಹಾಗಾದ್ರೆ ಹಿಂದೆ ಏನು ನೋಡಬೇಕು?

ಮೊದಲನೇದು, 'ಇಂಗ್ಲೆಂಡ್' ಅನ್ನೋ ಪದ. ಹೊರಗಿಂದ ಬರೋ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದ ಕಾನೂನು 1891ರಿಂದ ಜಾರಿಗೆ ಬಂತು. ಅಲ್ಲಿಗೆ ಕಳಿಸೋ ಕಾರ್ಖಾನೆಗಳು ಆಗಿಂದ ಈ ಪದ ಹಾಕೋಕೆ ಶುರು ಮಾಡಿದ್ವು. ಅದಕ್ಕೂ ಮುಂಚೆ ಹಾಕಿದ್ದು ಅಪರೂಪ. 'ಮೇಡ್ ಇನ್ ಇಂಗ್ಲೆಂಡ್' ಅಂತ ಪೂರ್ತಿ ಇದ್ರೆ ಸಾಮಾನ್ಯವಾಗಿ 20ನೇ ಶತಮಾನದ್ದು. ಡಿಶ್‌ವಾಷರ್ ಸೇಫ್ ಅಂತ ಇದ್ರೆ, ನಿಮಗೇ ಗೊತ್ತು.

ಎರಡನೇದು, ನೋಂದಣಿ ಗುರುತು. 1842ರಿಂದ 1883ರವರೆಗೆ ವಿನ್ಯಾಸ ನೋಂದಾಯಿಸಿದ್ರೆ ವಜ್ರದಾಕಾರದ ಚೌಕಟ್ಟು ಹಾಕ್ತಿದ್ರು, ಅದರ ಮೂಲೆಯ ಅಕ್ಷರ-ಅಂಕಿಗಳಿಂದ ದಿನಾಂಕವನ್ನೇ ಓದಬಹುದು. 1884ರಿಂದ 'ಆರ್‌ಡಿ ನಂಬರ್' ಅಂತ 1ರಿಂದ ಎಣಿಕೆ ಶುರುವಾಯ್ತು. 1900ರ ಆರಂಭಕ್ಕೆ ಅದು ಸುಮಾರು 3,51,000 ಮುಟ್ಟಿತ್ತು. ನನ್ನ ತಟ್ಟೆ ಹಿಂದೆ 'ಇಂಗ್ಲೆಂಡ್' ಇದೆ, 4 ಲಕ್ಷ ದಾಟಿದ ನಂಬರ್ ಇದೆ. ಅಂದ್ರೆ 1900ಕ್ಕಿಂತ ಹಳೇದಾಗಿರೋಕೆ ಸಾಧ್ಯವೇ ಇಲ್ಲ. ಆದ್ರೆ ಆ ನಂಬರ್ ವಿನ್ಯಾಸದ್ದು, ತಟ್ಟೆ ಅದಾಗಿ ಎಷ್ಟೋ ವರ್ಷಕ್ಕೆ ತಯಾರಾಗಿರಬಹುದು. ಮುದ್ರೆ ಹೇಳೋದು 'ಇದಕ್ಕಿಂತ ಹಿಂದಿಲ್ಲ' ಅಂತ ಅಷ್ಟೇ. ಇದನ್ನ ಅಂಗಡಿಯವನಿಗೆ ತೋರಿಸಿದೆ, 600ಕ್ಕೆ ಕೊಟ್ಟ.

ಮೂರನೇದು, ಹೆಸರಿನ ಕಾಗುಣಿತ. ಚಾರ್ಲ್ಸ್ ಡಾರ್ವಿನ್ನನ ತಾಯಿಯ ತಂದೆ ಜೊಸಾಯ ವೆಜ್‌ವುಡ್ 1759ರಲ್ಲಿ ಸ್ಟ್ಯಾಫರ್ಡ್‌ಶೈರಿನಲ್ಲಿ ಶುರು ಮಾಡಿದ ಕಂಪನಿಗೆ ತುಂಬಾ ಹೆಸರು. ಆ ಹೆಸರಿನ ಮುಂದೆ 'ಅಂಡ್ ಕಂಪನಿ' ಅಂತ ಇದ್ರೆ ಅದು ಟನ್‌ಸ್ಟಾಲ್ ಊರಿನ ಬೇರೆ ಕಾರ್ಖಾನೆ. ನಡುವೆ ಒಂದು 'ಇ' ಅಕ್ಷರ ಹೆಚ್ಚಿದ್ರೂ ಬೇರೆಯವರದ್ದೇ.

ಆಮೇಲೆ ತಟ್ಟಿ ನೋಡಿ. ಸಂತೆಯಲ್ಲಿ ನಮ್ಮ ಅಮ್ಮಂದಿರು ಮಡಕೆ ತಟ್ಟಿ ನೋಡ್ತಿರಲಿಲ್ವಾ? ಹಾಗೇ ಉಗುರಿನಿಂದ ಮೆಲ್ಲಗೆ. ಬಿರುಕಿದ್ರೆ, ಅಂಟಿಸಿದ್ರೆ ಮಂಕು ಶಬ್ದ ಬರತ್ತೆ. ಬೆಳಕಿಗೆ ಹಿಡಿದಾಗ ಹಿಂದಿನ ಬೆರಳಿನ ನೆರಳು ಕಂಡ್ರೆ ಬೋನ್ ಚೈನಾ ಇರಬಹುದು. ಹೆಸರೇ ಹೇಳೋ ಹಾಗೆ, ಅದರ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದನದ ಮೂಳೆಯ ಬೂದಿ ಇರತ್ತೆ. ಸಸ್ಯಾಹಾರಿ ಮನೆಯವರು ಕೊಳ್ಳೋ ಮೊದಲು ತಿಳ್ಕೊಂಡಿರಲಿ.

ಇನ್ನೊಂದು ಎಚ್ಚರಿಕೆ. ಹಳೇ ಪಿಂಗಾಣಿಯ ಹೊಳಪಿನಲ್ಲಿ ಸೀಸ ಇರೋದುಂಟು. ಮೇಲೆ ಬಲೆಯಂಥ ಸಣ್ಣ ಬಿರುಕು ಕಂಡ್ರೆ ಇನ್ನೂ ಹುಷಾರು. ಅದರಲ್ಲಿ ಉಪ್ಪಿನಕಾಯಿ, ಹುಣಸೆ ಗೊಜ್ಜು, ನಿಂಬೆರಸ ಇಡಬೇಡಿ, ಹುಳಿ ಸೀಸವನ್ನ ಎಳೆಯತ್ತೆ. ಮನೇಲಿ ಮಕ್ಕಳಿದ್ರೆ ಹಳೇ ತಟ್ಟೆಗಳು ಶೋಕೇಸಿನಲ್ಲೇ ಇರಲಿ.

ಕಡೇ ಮಾತು. ಮುದ್ರೆಯಿಂದ ಕಾರ್ಖಾನೆ ಗೊತ್ತಾಗತ್ತೆ, ಯಾರ ಮನೆಯದು ಅಂತ ಗೊತ್ತಾಗಲ್ಲ. ನನ್ನ ಈ ತಟ್ಟೆ ಯಾವ ಬಂಗಲೆಯದು ಅಂತ ಅಂಗಡಿಯವನಿಗೂ ತಿಳಿದಿರಲಿಲ್ಲ. ಧಾರವಾಡದ ನಮ್ಮಜ್ಜಿ ಮನೇಲಿ ಮಡಿ ಜಾಸ್ತಿ. ಪಿಂಗಾಣಿ ಕಪ್ಪಿಗೆ ಅಡುಗೆಮನೆ ಪ್ರವೇಶ ಇರಲಿಲ್ಲ, ಪಡಸಾಲೆಯ ಗೂಡಿನಲ್ಲಿ ಎರಡೇ ಎರಡು ಕಪ್ಪು. ಮಾಮಲೇದಾರರು ಬಂದ್ರೆ ಮಾತ್ರ ಅವು ಕೆಳಗಿಳೀತಿದ್ವು. ಅಜ್ಜಿ ಹೇಳಿದ್ದಕ್ಕೆ ಇದು ನನಗೆ ಗೊತ್ತು, ಕಪ್ಪಿನ ಹಿಂದೆ ಇದೆಲ್ಲ ಬರೆದಿಲ್ಲ.

ನಮ್ಮಲ್ಲಿ ಎಷ್ಟೋ ಜನ ಇಲ್ಲೇ ಫ್ಲ್ಯಾಟ್ ಕೊಂಡಿದೀವಿ. ಊರಿನ ಮನೆ ಮಾರೋ ಮಾತು ಒಂದಲ್ಲ ಒಂದು ದಿನ ಬರತ್ತೆ. ಆಗ ಅಟ್ಟದ ಮೇಲಿರೋದನ್ನ ತೂಕಕ್ಕೆ ಹಾಕೋ ಮೊದಲು ಒಂದೊಂದನ್ನೂ ತಿರುಗಿಸಿ ಫೋಟೋ ತೆಗೀರಿ. ಇದು ಯಾರು ತಂದಿದ್ದು, ಯಾರಿಗೆ ಇದರಲ್ಲಿ ಚಹಾ ಕೊಡ್ತಿದ್ರಿ ಅಂತ ಅಮ್ಮನ್ನ, ದೊಡ್ಡಮ್ಮನ್ನ ಕೇಳಿ. ಒಂದು ಚೀಟಿಯಲ್ಲಿ ಬರೆದು ಕಪ್ಪಿನೊಳಗೆ ಇಡಿ. ಆಮೇಲೆ ಇಟ್ಕೊಳ್ಳೋದೋ, ಮಾರೋದೋ ನಿಮ್ಮಿಷ್ಟ. ಮಾರಿದ್ರೆ ಆ ಚೀಟಿನೂ ಜೊತೆಗೆ ಕೊಡಿ, ಕೊಂಡವರಿಗೆ ಬೇಕಾಗತ್ತೆ.